ಕಾಲರ್ ಮೈಕು

ಕ್ಯಾಮೆರಾದವನಿಗೆ ಅವಳ ಮುಖ ಸಿಕ್ಕಿತು,
ನನ್ನ ಪಾಲಿಗೆ ಬಂದದ್ದು ಹೊಟ್ಟೆಯ ಗುಡುಗು.
ಬೆಳಗಿನಿಂದ ಎರಡೇ ಬಿಸ್ಕತ್ತು ತಿಂದಿದ್ದಾಳೆಂದು
ಇಡೀ ಫ್ಲೀಟ್‌ವುಡ್ಡಿನಲ್ಲಿ ಗೊತ್ತಿದ್ದದ್ದು
ಹೆಡ್‌ಫೋನ್ ಹಾಕಿಕೊಂಡ ನನಗೊಬ್ಬನಿಗೆ.

ಗ್ಲೆನಿಸ್ ಎಂಟ್ವಿಸಲ್.
ಮೊದಲ ದಿನ ಹೆಸರು ಕೇಳಿ
ಎಂಟು ವಿಸಲ್ಲಿಗೆ ಬೇಯುವುದು ಯಾವ ಬೇಳೆಯಪ್ಪಾ
ಎಂದು ಒಳಗೇ ನಕ್ಕಿದ್ದೆ.
ಆಮೇಲೆ ಏಳು ವಾರ ಅವಳ ಹಿಂದೆ ನಡೆದೆ
ಹೆಗಲಿಗೆ ಪೆಟ್ಟಿಗೆ ತಗುಲಿಸಿಕೊಂಡು.
ಮೀನು ಕಾರ್ಖಾನೆಯ ಬಾಗಿಲು, ಟ್ರಾಮಿನ ಕೊನೆಯ ನಿಲ್ದಾಣ,
ನಾಯಿ ಬೊಗಳುವ ಮನೆ,
ನಾಯಿಯಿಲ್ಲದೆಯೂ ಬೊಗಳುವ ಮನೆ.
ಇಪ್ಪತ್ತೆರಡು ವರ್ಷ ಕೌನ್ಸಿಲರ್ ಆಗಿದ್ದವಳು
ಒಂದೊಂದು ಗೇಟಿನ ಚಿಲಕವನ್ನೂ ಬಲ್ಲಳು:
ಇದನ್ನು ಎತ್ತಿ ದೂಡಬೇಕು,
ಇದಕ್ಕೆ ಮೊಣಕಾಲು.

ಈಗ ರಾತ್ರಿ ಎರಡೂವರೆ.
ಬ್ಯಾಡ್ಮಿಂಟನ್ ಗೆರೆಗಳ ಮೇಲೆ ಮೇಜು,
ಮೇಜಿನ ಮೇಲೆ ಇಪ್ಪತ್ತೈದರ ಕಟ್ಟು,
ರಬ್ಬರ್ ಬ್ಯಾಂಡುಗಳ ಚಟ್ ಚಟ್.
ಅವಳ ಸಾಲು ಬೆಳೆಯುವುದು ನಿಂತು ಅರ್ಧ ಗಂಟೆ.
ಬಾಯಿಬಿಟ್ಟು ಯಾರೂ ಹೇಳಲಿಲ್ಲ,
ಸುತ್ತಲಿದ್ದ ದನಿಗಳು ಮಾತ್ರ ಒಂದೊಂದಾಗಿ
ನನ್ನ ಕಿವಿಯಿಂದ ದೂರ ಸರಿದವು.
ಗೆದ್ದೆತ್ತಿನ ಬಾಲ ಹಿಡಿಯುವವರು ಇಲ್ಲೂ ಇದ್ದಾರೆ.
‘ಸಾರಿ’ ಅಂದು ಹಿಡಿಯುತ್ತಾರೆ, ಅಷ್ಟೆ.

ಎತ್ತು: ಡೀನ್ ಪಾರ್ಕಿನ್ಸನ್, ಮೂವತ್ತೊಂದು, ಟೈಲ್ಸ್ ವ್ಯಾಪಾರ.
ಹೊಸ ಬೂಟು ಅವನನ್ನು ಕಚ್ಚುತ್ತಿದೆ,
ಹೆಜ್ಜೆಯ ಸದ್ದಿನಲ್ಲೇ ಗೊತ್ತು.

ಸಂಶಯದ ಮತಗಳನ್ನು ನೋಡಲು ಕರೆದರು.
ಒಂದರಲ್ಲಿ ಬೈಗುಳ. ಒಂದರಲ್ಲಿ ಮೀಸೆ ಹೊತ್ತ ಮೊಲ.
ಇನ್ನೊಂದರಲ್ಲಿ ಚೌಕಗಳನ್ನೆಲ್ಲ ಖಾಲಿ ಬಿಟ್ಟು
ನಡುಗುವ ಕೈಬರಹ:
‘ಬಾಯ್ಲರ್ ಈಗ ಸರಿಯಾಗಿದೆ ಗ್ಲೆನಿಸ್, ಥ್ಯಾಂಕ್ಸ್ ಕಣೇ.’
ಅಧಿಕಾರಿ ಕನ್ನಡಕ ಏರಿಸಿದ. ‘ಗುರುತಿಲ್ಲ.’
ಅವಳು ಕಾಗದದತ್ತ ಬಾಗಿದಳು, ಇನ್ನಷ್ಟು ಬಾಗಿದಳು,
ಕೋಟಿನ ಅಂಚು ಮೈಕಿಗೆ ಉಜ್ಜಿ
ಖರ್ರ್ ಎಂದಿತು ನನ್ನ ತಲೆಯೊಳಗೆ.
‘ಹೌದು,’ ಅಂದಳು. ‘ಗುರುತಿಲ್ಲ.’
ಠಪ್ಪೆಂದು ಮೊಹರು ಬಿತ್ತು.

ಆಮೇಲೆ ಒಬ್ಬಳೇ ಹೋಗಿ
ಜಿಮ್ ಚಾಪೆಗಳ ಉಗ್ರಾಣದ ಬಾಗಿಲು ಹಾಕಿಕೊಂಡಳು.
ಮೈಕು ಮರೆತಿದ್ದಳು.
ನಿರ್ದೇಶಕ ಕ್ಯಾಲಮ್ ನನ್ನತ್ತ ನೋಡಿ
ಬೆರಳನ್ನು ಗಾಳಿಯಲ್ಲಿ ತಿರುಗಿಸಿದ: ಓಡಲಿ, ನಿಲ್ಲಿಸಬೇಡ.
ಅಳು ಸಿಗುತ್ತದೆಂಬ ಆಸೆ ಅವನ ಕಣ್ಣಲ್ಲಿತ್ತು.
ನನ್ನ ಕಣ್ಣಲ್ಲೂ ಇದ್ದಿರಬೇಕು.

ಮೊದಲು ಚೆಂಡೊಂದು ಉರುಳಿದ ಸದ್ದು.
ಆಮೇಲೆ ಉಸಿರು. ಆಮೇಲೆ,
‘ಅಭಿನಂದನೆ, ಡೀನ್.’
ತೀರಾ ಮೆತ್ತಗಾಯಿತೆಂದು ಮತ್ತೊಮ್ಮೆ, ಗಟ್ಟಿಯಾಗಿ.
ಮೂರನೆಯದರಲ್ಲಿ ಹೆಸರೇ ಬರಲಿಲ್ಲ.
ನಾಲ್ಕನೆಯದು: ‘ಹಾಳಾಗಿ ಹೋಗು, ಡೀನ್.’
ಐದರಲ್ಲಿ ನಗು ಸೇರಿಸಿ ನೋಡಿದಳು, ತೆಗೆದಳು.
ಆರು, ಏಳು ಬರೀ ಗಂಟಲು.
ಎಂಟನೆಯ ಸಲಕ್ಕೆ ಬೆಂದಿತ್ತು ಮಾತು.
ಅದನ್ನೇ ಎತ್ತಿಕೊಂಡು ಹೊರಬಂದಳು, ಆರುವ ಮುಂಚೆ.

ಅರವತ್ತಮೂರು ಮತ.
ವೇದಿಕೆಯಲ್ಲಿ ಒಂದೇ ಉಸಿರಿಗೆ ಅಂದುಬಿಟ್ಟಳು,
ಜನ ಚಪ್ಪಾಳೆ ತಟ್ಟಿದರು, ಎಷ್ಟು ಸಲೀಸು ಎಂದರು.

ಕೊನೆಗೆ ಕಾಲರಿನಿಂದ ಮೈಕು ಬಿಡಿಸುವಾಗ ಕೇಳಿದಳು,
‘ಒಳಗೆ ಹೋದದ್ದು ಕೇಳಿಸಿತೇನು?’
‘ಬ್ಯಾಟರಿ ಸತ್ತಿತ್ತು,’ ಅಂದೆ.
ನನ್ನ ಕೈಯಲ್ಲಿದ್ದ ಪುಟ್ಟ ಹಸಿರು ದೀಪವನ್ನು ನೋಡಿದಳು.
‘ನೀನು ಮಾತ್ರ ಚುನಾವಣೆಗೆ ನಿಲ್ಲಬೇಡ, ಮಾರಾಯಾ.’

ಹೊರಗೆ ಕಡಲಹಕ್ಕಿಗಳು ಆಗಲೇ ಜಗಳ ಶುರುಮಾಡಿದ್ದವು.
ಮೊದಲ ಟ್ರಾಮಿಗೆ ಇನ್ನೂ ಹೊತ್ತಿತ್ತು.
ಮೆಟ್ಟಿಲ ಮೇಲೆ ಕೂತು ಕಾಗದದ ಲೋಟದಲ್ಲಿ ಚಹಾ ಕುಡಿದೆವು.
ಅವಳ ಹೊಟ್ಟೆ ಮತ್ತೆ ಗುಡುಗಿರಬಹುದು,
ನನಗೀಗ ಕೇಳಿಸಲಿಲ್ಲ.